ಸಂಜೆಗೆ ಬಿಗಿಯಾಗುವ ಚಪ್ಪಲಿ

(ನಮ್ಮ ರಾತ್ರಿಯ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತು. ಕೇಳಲಾಗದವರಿಗಾಗಿ ಇಲ್ಲಿ ಅಚ್ಚಿನಲ್ಲಿ.)



ರಾತ್ರಿ ಹತ್ತು ಗಂಟೆ. ಮುಂಬಯಿಯ ಲೋಕಲ್ ಗಾಡಿಯಲ್ಲಿ ನಿಂತು ಬಂದ ಕಾಲುಗಳನ್ನು ಚಾಚಿ ಈಗಷ್ಟೇ ಕುಳಿತಿರುತ್ತೀರಿ. ಮುಂದಿನ ಹಾಡಿಗೆ ಮೊದಲು ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಎರಡೂ ಪಾದಗಳನ್ನು ಜೋಡಿಸಿಟ್ಟು ಒಮ್ಮೆ ನೋಡಿಕೊಳ್ಳಿ. ಎರಡೂ ಒಂದೇ ಸಮ ಇವೆಯೇ? ಚಪ್ಪಲಿಯ ಪಟ್ಟಿ ಒಂದು ಕಾಲಿನ ಮೇಲೆ ಮಾತ್ರ ಅಚ್ಚು ಒತ್ತಿದೆಯೇ?

ಯಾಕೆ ಕೇಳಿದೆ ಎಂದು ಹೇಳುತ್ತೇನೆ.

ನಮ್ಮೂರು ಸೇಡಂ ತಾಲೂಕಿನಲ್ಲಿದೆ. ನನಗೆ ತಿಳುವಳಿಕೆ ಬಂದಾಗಿನಿಂದ ನಮ್ಮ ದೊಡ್ಡವ್ವನ ಬಲಗಾಲು ಕಂಬದ ಹಾಗೆಯೇ ಇತ್ತು. ಊರವರು ಆನಿಕಾಲು ಅನ್ನುತ್ತಿದ್ದರು. ಆಕೆ ಮದುವೆಗೆ ಹೋಗುತ್ತಿರಲಿಲ್ಲ, ಜಾತ್ರೆಗೂ ಹೋಗುತ್ತಿರಲಿಲ್ಲ. ಒಮ್ಮೆ ಅವಳ ಹತ್ತಿರ ಕುಳಿತು, ಇದು ಹೇಗೆ ಶುರುವಾಯಿತು ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು: "ಮೊದಮೊದಲ ಸಂಜಿಕಿ ಚಪ್ಪಲಿ ಬಿಗಿ ಆಗ್ತಿತ್ತಪ್ಪ. ಮುಂಜಾನಿ ಎದ್ದರ ಸಡಿಲ. ಹೊಲದಾಗ ನಿಂತು ನಿಂತು ಹಿಂಗ ಆಗ್ಯದ ಅಂತ ಸುಮ್ಮನಾದೆ. ಆಮ್ಯಾಲ ಮುಂಜಾನಿನೂ ಇಳೀಲಿಲ್ಲ."

ಈ ಮಾತಿನಲ್ಲಿ ಈ ರೋಗದ ಅರ್ಧ ಪಾಠವಿದೆ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ನಾನು ವೈದ್ಯನಲ್ಲ, ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕುಳಿತವನು. ವೈದ್ಯರನ್ನು ಕೇಳಿ, ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆನೆಕಾಲು ರೋಗಕ್ಕೆ ವೈದ್ಯರು ಫೈಲೇರಿಯಾ ಎನ್ನುತ್ತಾರೆ. ಕಾರಣ ಒಂದು ದಾರದಂಥ ಹುಳು. ಗಟಾರ, ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅದರ ಮರಿಗಳನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೊತ್ತೊಯ್ಯುತ್ತದೆ. ಒಂದೆರಡು ಸಲ ಕಚ್ಚಿದ ಮಾತ್ರಕ್ಕೆ ರೋಗ ಬರುವುದು ಅಪರೂಪ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಚ್ಚಿಸಿಕೊಂಡವರಿಗೇ ಅಪಾಯ ಹೆಚ್ಚು. ದೇಹ ಹೊಕ್ಕ ಹುಳು ಸೇರುವುದು ದುಗ್ಧರಸದ ನಾಳಗಳನ್ನು. ದುಗ್ಧರಸವೆಂದರೆ ಮೈಯ ಮೂಲೆಮೂಲೆಯಲ್ಲಿ ಜಿನುಗಿ ಉಳಿದ ನೀರು. ಅದನ್ನು ಒಟ್ಟುಗೂಡಿಸಿ ಮತ್ತೆ ರಕ್ತಕ್ಕೆ ಸೇರಿಸುವ ಕಾಲುವೆಗಳೇ ಈ ನಾಳಗಳು. ಹುಳು ಅಲ್ಲಿ ಆರರಿಂದ ಎಂಟು ವರ್ಷ ಬದುಕುತ್ತದೆ. ಅಷ್ಟರಲ್ಲಿ ನಾಳ ಹಿಗ್ಗುತ್ತದೆ, ಒಳಗಿನ ಪುಟ್ಟ ಕವಾಟಗಳು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ನೀರು ಕೆಳಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಹೂಳು ತುಂಬಿದ ನಾಲೆ ಏನು ಮಾಡುತ್ತದೆ ಎಂದು ಮುಂಬಯಿಯವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕಾಲು ಊದಿಕೊಂಡಾಗ ರೋಗ ಶುರುವಾಯಿತು ಎಂದು ನಾವು ತಿಳಿಯುತ್ತೇವೆ. ಅದು ತಪ್ಪು. ಸೋಂಕು ತಗಲುವುದು ಬಹಳ ಸಲ ಬಾಲ್ಯದಲ್ಲೇ. ಕೇರಳದ ಆಲಪ್ಪುಳದ ವೈದ್ಯರು 2000ರ ದಶಕದಲ್ಲಿ ಸೋಂಕು ತಗಲಿದ ಮಕ್ಕಳನ್ನು ಪರೀಕ್ಷಿಸಿದರು. ಅಲ್ಟ್ರಾಸೌಂಡ್ ಹಿಡಿದು ನೋಡಿದರೆ ಕೆಲವರ ನಾಳಗಳ ಒಳಗೆ ಹುಳುಗಳು ಮಿಸುಕಾಡುವುದು ಕಾಣಿಸಿತು. ಚೂರು ವಿಕಿರಣಶೀಲ ಔಷಧಿಯನ್ನು ಪಾದಕ್ಕೆ ಚುಚ್ಚಿ, ಅದು ಸಾಗುವ ದಾರಿಯ ಚಿತ್ರ ತೆಗೆದರು. ಹೊರಗೆ ಯಾವ ಬಾವೂ ಇಲ್ಲದ ಮಕ್ಕಳ ನಾಳಗಳು ಕೂಡ ಆಗಲೇ ಹಿಗ್ಗಿದ್ದವು. ಅಲ್ಲಿನ ಹುಳು ನಮ್ಮ ಕಡೆಯ ಹುಳುವಿನ ದಾಯಾದಿ ಜಾತಿಯದು, ಆದರೆ ಅದೂ ಸೇರುವುದು ಈ ನಾಳಗಳನ್ನೇ. ಅದೇ ವೈದ್ಯರು ಇನ್ನೊಂದು ಸಂತೋಷದ ಸಂಗತಿಯನ್ನೂ ಕಂಡರು: ಔಷಧಿ ಕೊಟ್ಟ ಮಕ್ಕಳಲ್ಲಿ ಆ ಹಾನಿ ಹಿಂದಕ್ಕೆ ಸರಿಯಿತು. ಎಳೆಯದರಲ್ಲಿ ಹಿಡಿದರೆ ದಾರಿ ಇದೆ.

ಇನ್ನು ನಮ್ಮ ಮನೆಯ ಇನ್ನೊಂದು ಕಥೆ. ದೊಡ್ಡವ್ವನ ಮೊಮ್ಮಗ ಇದೇ ಮುಂಬಯಿಯಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಹೋದ ವರ್ಷ ಒಂದು ಭಾನುವಾರ ಮನೆಗೆ ಬಂದವನು ಬೂಟು ಬಿಚ್ಚುತ್ತಾ, "ಕಾಕಾ, ಎಡಗಾಲಿನ ಬೂಟು ಸಂಜಿಕಿ ಯಾಕೋ ಹಿಡೀತದ" ಅಂದ. ನನ್ನ ಎದೆ ಧಸಕ್ಕೆಂದಿತು. ಮರುದಿನವೇ ಕಳಿಸಿದೆ. ಒಂದು ದವಾಖಾನೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ರಕ್ತ ತೆಗೆದರು. ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಏನೂ ಇಲ್ಲ ಎಂದು ಬರೆದುಕೊಟ್ಟರು. ಅವನಿಗೆ ಖುಷಿಯಾಯಿತು, ನನಗೆ ಸಮಾಧಾನವಾಗಲಿಲ್ಲ. ಇನ್ನೊಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, "ಊರು ಯಾವುದು?" ಎರಡನೆಯದು, "ರಕ್ತ ಎಷ್ಟು ಹೊತ್ತಿಗೆ ತೆಗೆದರು?"

ಕೇಳುಗರೇ, ಈ ಎರಡನೆಯ ಪ್ರಶ್ನೆಯನ್ನು ಚೆನ್ನಾಗಿ ನೆನಪಿಡಿ. ಈ ಹುಳುವಿನ ಮರಿಗಳು ಹಗಲಿನಲ್ಲಿ ಶ್ವಾಸಕೋಶದ ಆಳದ ರಕ್ತನಾಳಗಳಲ್ಲಿ ಅಡಗಿರುತ್ತವೆ. ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ, ರಾತ್ರಿ ಹತ್ತರಿಂದ ಎರಡರವರೆಗೆ, ಹೊರಮೈಯ ರಕ್ತಕ್ಕೆ ಹೆಚ್ಚಾಗಿ ಬರುತ್ತವೆ. ನಾನು ಮಾತಾಡುತ್ತಿರುವ ಈ ಹೊತ್ತೇ ಅವು ಹೊರಡುವ ಹೊತ್ತು. ಹೀಗಾಗಿ ಗಾಜಿನ ಮೇಲಿನ ರಕ್ತಪರೀಕ್ಷೆ ರಾತ್ರಿಯಲ್ಲೇ ಆಗಬೇಕು. ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ಮನೆಬಾಗಿಲಿಗೆ ಬಂದು ಬೆರಳು ಚುಚ್ಚುವುದು ಇದಕ್ಕೇ, ಅವರನ್ನು ಬೈದು ಕಳಿಸಬೇಡಿ. ಹಗಲಿನಲ್ಲೂ ಮಾಡಬಹುದಾದ ಒಂದು ಪಟ್ಟಿ ಪರೀಕ್ಷೆ ಇದೆ. ಬೆರಳಿನ ಒಂದು ಹನಿ ರಕ್ತ, ಹತ್ತು ನಿಮಿಷ ಸಾಕು. ನಮ್ಮ ಹುಡುಗನಿಗೆ ಅದನ್ನೇ ಮಾಡಿದರು. ಸೋಂಕು ಇತ್ತು.

ವೈದ್ಯರು ಹನ್ನೆರಡು ದಿನ ಡಿ.ಇ.ಸಿ. ಮಾತ್ರೆ ಕೊಟ್ಟರು, ಕಾಲಿನ ಆರೈಕೆ ಕಲಿಸಿದರು. ಈಗಲೂ ಸಂಜೆಗೆ ಪಾದ ತುಸು ತುಂಬಿಕೊಳ್ಳುತ್ತದೆ. ಆದರೆ ಬೆಳಿಗ್ಗೆ ಇಳಿಯುತ್ತದೆ, ಮುಂದಕ್ಕೆ ಹೋಗಿಲ್ಲ. ಅಜ್ಜಿಗೆ ಸಿಗದ ಅವಕಾಶ ಮೊಮ್ಮಗನಿಗೆ ಸಿಕ್ಕಿತು.

ಆ ಆರೈಕೆ ಬಹಳ ಸರಳವಾದದ್ದು. ದಿನಾಲೂ ಸೋಪು ನೀರಿನಿಂದ ಕಾಲು ತೊಳೆಯುವುದು, ಬೆರಳ ಸಂದಿಗಳನ್ನು ಮೆತ್ತಗೆ ಒರೆಸಿ ಒಣಗಿಸುವುದು, ಗಾಯ ಬಿರುಕುಗಳಿಗೆ ಆಗಿಂದಾಗಲೇ ಔಷಧಿ ಹಚ್ಚುವುದು, ಬರಿಗಾಲಲ್ಲಿ ನಡೆಯದಿರುವುದು, ಕುಳಿತಾಗ ಮಲಗಿದಾಗ ಕಾಲನ್ನು ಎತ್ತರದಲ್ಲಿಡುವುದು, ಹಿಮ್ಮಡಿ ಎತ್ತಿ ಇಳಿಸುತ್ತ ಗಿಣ್ಣಿಗೆ ವ್ಯಾಯಾಮ ಕೊಡುವುದು. ದುಗ್ಧನಾಳ ಸೋತ ಕಾಲಿನಲ್ಲಿ ಸಣ್ಣ ಬಿರುಕಿನಿಂದಲೂ ಬೇರೆ ರೋಗಾಣು ಒಳಸೇರುತ್ತದೆ. ಆಗ ಚಳಿಜ್ವರ ಬಂದು ಕಾಲು ಕೆಂಪಾಗಿ ಉರಿಯುತ್ತದೆ. ಹೀಗೆ ಬಂದ ಒಂದೊಂದು ಜ್ವರವೂ ಬಾವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಕಾಲು ಬಾತ ಮಾತ್ರಕ್ಕೆ ಫೈಲೇರಿಯಾ ಎಂದಲ್ಲ. ಹೃದಯ, ಮೂತ್ರಪಿಂಡದ ತೊಂದರೆಯಿಂದಲೂ ಕಾಲು ಬಾಯಬಹುದು. ಒಂದೇ ಕಾಲು ದಿಢೀರನೆ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗಂಡಸರಲ್ಲಿ ಈ ಹುಳುವಿನಿಂದ ವೃಷಣದ ಚೀಲದಲ್ಲಿ ನೀರು ತುಂಬಿಕೊಳ್ಳುತ್ತದೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಒದ್ದಾಡುವವರು ಬಹಳ. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ, ಬಿಚ್ಚಿ ಹೇಳಿ.

ಕಲಬುರಗಿ, ಯಾದಗಿರಿ, ಬೀದರ, ರಾಯಚೂರು, ವಿಜಯಪುರ, ಬಾಗಲಕೋಟೆ ಮತ್ತು ನಮ್ಮ ಕರಾವಳಿಯ ಮೂರು ಜಿಲ್ಲೆಗಳು ಈ ರೋಗ ಬಹುಕಾಲ ಬೇರುಬಿಟ್ಟಿದ್ದ ಪ್ರದೇಶಗಳು. ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಕಟ್ಟಡ ಕಟ್ಟುವವರು, ಹೋಟೆಲು ನಡೆಸುವವರು ನಮ್ಮಲ್ಲಿ ಎಷ್ಟೋ ಮಂದಿ ಅಲ್ಲಿಂದಲೇ ಬಂದವರು. ಊರು ಬಿಟ್ಟರೂ ಬಾಲ್ಯದಲ್ಲಿ ಹೊಕ್ಕ ಹುಳು ನಮ್ಮ ಜೊತೆಗೇ ರೈಲು ಹತ್ತಿರಬಹುದು. ವೈದ್ಯರು ಕೇಳದಿದ್ದರೂ ನಿಮ್ಮ ಊರಿನ ಹೆಸರು ಹೇಳಿ.

ಊರಲ್ಲಿರುವವರಿಗೂ ಒಂದು ಮಾತು ಮುಟ್ಟಿಸಿ. ಸರ್ಕಾರದವರು ಸಾಮೂಹಿಕವಾಗಿ ಮಾತ್ರೆ ಹಂಚಲು ಬಂದಾಗ, "ನಮಗೇನಾಗ್ಯದ, ಗಟ್ಟಿ ಅದೀವಿ" ಎಂದು ತೆಗೆದಿಡುವುದು ಬೇಡ. ಈ ಮಾತ್ರೆ ಗಟ್ಟಿ ಇದ್ದವರಿಗೂ ಬೇಕು. ಮೂರು ಔಷಧಿ ಒಟ್ಟಿಗೆ ಕೊಡುವ ಹೊಸ ಕ್ರಮದ ಸುರಕ್ಷತೆಯನ್ನು ನಮ್ಮ ದೇಶದಲ್ಲಿ ಪರೀಕ್ಷಿಸಿದ್ದು ನಮ್ಮ ಯಾದಗಿರಿ ಜಿಲ್ಲೆಯ ಜನರಲ್ಲೇ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ತೆಗೆದುಕೊಳ್ಳಬಾರದು. ಉಳಿದವರು ಊಟ ಮಾಡಿ, ಬಂದವರ ಎದುರೇ ನುಂಗಲಿ. ತಲೆನೋವು, ಜ್ವರ ಬಂದರೆ ಒಳಗಿನ ಹುಳು ಸಾಯುತ್ತಿರುವ ಗುರುತಿರಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅದು ಇಳಿಯುತ್ತದೆ, ಹೆಚ್ಚಾದರೆ ವೈದ್ಯರಿಗೆ ತೋರಿಸಿದರಾಯಿತು.

ದೊಡ್ಡವ್ವ ಈಗಿಲ್ಲ. ಸಂಜೆ ಚಪ್ಪಲಿ ಬಿಗಿಯಾಗಿದೆ ಎಂದು ಆಕೆ ಹೇಳಿದ್ದರೂ ಆ ಕಾಲಕ್ಕೆ ಕೇಳುವವರಿರಲಿಲ್ಲ. ಇವತ್ತು ಕೇಳುವವರಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಅಂಥ ಮಾತು ಆಡಿದರೆ, ನಿಂತು ನಿಂತು ಆಗಿದೆ ಎಂದು ತಳ್ಳಿಹಾಕಬೇಡಿ.

ಬನ್ನಿ, ಈಗ ಹಾಡು ಕೇಳೋಣ. ಕಾಲು ಸ್ವಲ್ಪ ಎತ್ತರಕ್ಕಿಟ್ಟುಕೊಂಡೇ ಕೇಳಿ. ಮಲಗುವ ಮುನ್ನ ಸೊಳ್ಳೆಪರದೆ ಕಟ್ಟುವುದನ್ನು ಮರೆಯಬೇಡಿ. ಶುಭರಾತ್ರಿ.