ಚದುರಂಗದ ಮಣೆಯೂ ಗಣಕಯಂತ್ರವೂ



ರಾಜ್ಯೋತ್ಸವದ ವೇದಿಕೆಯ ಮೇಲೆ ಬ್ಯಾಂಕಿನ ಗುಮಾಸ್ತನೊಬ್ಬನು ಚದುರಂಗದ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈ ಪ್ರಶ್ನೆ ನಮ್ಮ ವಡಾಲದ ಮನೆಗಳಲ್ಲಿಯೇ ಹುಟ್ಟಿದ್ದು. "ಅಪ್ಪಾ, ಮೊಬೈಲೇ ಎಲ್ಲರನ್ನೂ ಸೋಲಿಸುವಾಗ ಈ ಆಟವನ್ನು ನಾನೇಕೆ ಕಲಿಯಬೇಕು?" ಎಂದು ಮಕ್ಕಳು ಕೇಳುತ್ತಾರೆ. ಇಂದು ಆಟದ ವಿಷಯದಲ್ಲಿ ಕೇಳಿದ ಮಗು ನಾಳೆ ಮಗ್ಗಿಯ ವಿಷಯದಲ್ಲಿ, ನಾಡಿದ್ದು ಕನ್ನಡದ ವಿಷಯದಲ್ಲಿಯೂ ಹೀಗೆಯೇ ಕೇಳೀತು. ಆದುದರಿಂದ ಉತ್ತರ ಕೊಡದೆ ವಿಧಿಯಿಲ್ಲ.

ವೇಗದಲ್ಲಿ ನಮ್ಮವರೊಬ್ಬರು ಯಂತ್ರವನ್ನು ಗೆದ್ದದ್ದುಂಟು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಬಾಯಲೆಕ್ಕದಿಂದಲೇ ಹೇಳಿದರು. ಯುನಿವ್ಯಾಕ್ ಗಣಕಯಂತ್ರಕ್ಕೆ 62 ಸೆಕೆಂಡು ಬೇಕಾಯಿತು. ಆ ಹನ್ನೆರಡು ಸೆಕೆಂಡುಗಳು ನಮಗೆ ಹೆಮ್ಮೆಯವೇ. ಆದರೆ ಇಂದು ನಮ್ಮ ಜೇಬಿನ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಆ ಲೆಕ್ಕ ಮುಗಿಸಬಲ್ಲುದು.

ಚದುರಂಗದ ಕಥೆಯೂ ಇದೇ. 1996ರಲ್ಲಿ ವಿಶ್ವವಿಜೇತ ಕ್ಯಾಸ್ಪರೋವ್ ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರವನ್ನು 4-2ರಿಂದ ಸೋಲಿಸಿದರು. ಮರುವರ್ಷ ಯಂತ್ರದ ವೇಗ ಹೆಚ್ಚಿತು. ಸೆಕೆಂಡಿಗೆ 20 ಕೋಟಿ ನಿಲುವುಗಳನ್ನು ಪರೀಕ್ಷಿಸುತ್ತಿತ್ತು. ನ್ಯೂಯಾರ್ಕಿನಲ್ಲಿ ಅದು ಮೂರೂವರೆ-ಎರಡೂವರೆಯಿಂದ ಗೆದ್ದಿತು. ಇಂದು ಅತ್ಯುತ್ತಮ ಆಟಗಾರನೂ ಯಂತ್ರದೆದುರು ನಿಲ್ಲಲಾರ. ಇದನ್ನು ಮಕ್ಕಳಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ವೇಗವೇ ಎಲ್ಲವೂ ಆಯಿತೆ? ಇಲ್ಲಿಯೇ ಸ್ವಾರಸ್ಯವಿದೆ. ಆಲ್ಫಾಜೀರೊ ಎಂಬ ಯಂತ್ರಕ್ಕೆ ಆಟದ ನಿಯಮಗಳನ್ನಷ್ಟೇ ತಿಳಿಸಿದ್ದರು. ಅದು ತನ್ನೊಡನೆ ತಾನೇ ಆಡಿ ಆಡಿ, ಯಾವ ನಡೆ ನೋಡತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬುದನ್ನು ಕಲಿಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸ್ಟಾಕ್‌ಫಿಶ್ ಎಂಬ ಯಂತ್ರ ಸೆಕೆಂಡಿಗೆ ಸುಮಾರು 6 ಕೋಟಿ ನಿಲುವುಗಳನ್ನು ನೋಡುತ್ತಿದ್ದರೆ ಇದು ನೋಡುತ್ತಿದ್ದುದು ಸುಮಾರು 60 ಸಾವಿರ ಮಾತ್ರ. ಆದರೂ 1000 ಆಟಗಳಲ್ಲಿ 155 ಗೆದ್ದು ಆರರಲ್ಲಷ್ಟೇ ಸೋತಿತು, ಉಳಿದವು ಸಮ. ಸಾವಿರಪಟ್ಟು ಮೆಲ್ಲಗೆ ಎಣಿಸುವವನು ಗೆದ್ದನೆಂದರೆ, ಕೂಡುವ ಕಳೆಯುವ ಕಸುಬಿನವನಾದ ನನಗೆ ಒಳಗೊಳಗೇ ಸಂತೋಷ!

2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟರ ಹರೆಯದಲ್ಲಿ ವಿಶ್ವವಿಜೇತನಾದ ಚೆನ್ನೈಯ ಗುಕೇಶನನ್ನು ನೋಡಿ. ಅವನ ಗುರು ವಿಷ್ಣು ಪ್ರಸನ್ನ ಅವನನ್ನು ಎಳವೆಯಲ್ಲಿ ಬಹುಕಾಲ ಚದುರಂಗದ ಯಂತ್ರಗಳಿಂದ ದೂರವಿರಿಸಿದ್ದರು. ನಡೆಯನ್ನು ಮೊದಲು ತಾನೇ ಹುಡುಕಬೇಕು, ತಪ್ಪಿದರೆ ಏಕೆ ತಪ್ಪಿತೆಂದು ತಾನೇ ಯೋಚಿಸಬೇಕು. ನಮ್ಮ ಕೆಲಸದಲ್ಲಿಯೂ ಅಷ್ಟೆ. ಬಡ್ಡಿಯನ್ನು ಯಂತ್ರವೇ ಕಟ್ಟುತ್ತದೆ; ಆದರೆ ಮುದುಕಿಯೊಬ್ಬಳು ಪಾಸ್‌ಬುಕ್ ಹಿಡಿದು "ಇಷ್ಟೇ ಏಕೆ ಬಂತಪ್ಪಾ?" ಎಂದಾಗ, ಕೈಯಿಂದ ಲೆಕ್ಕ ಕಲಿತವನೇ ವಿವರಿಸಿ ಹೇಳಬಲ್ಲ.

ಸಂಘದ ಕೋಣೆಯಲ್ಲಿ ಎರಡು ಚದುರಂಗದ ಮಣೆಗಳಿವೆ. ಒಂದರಲ್ಲಿ ಕುದುರೆಯೊಂದು ಕಳೆದುಹೋಗಿ ಬಿರಡೆ ಇಟ್ಟಿದ್ದೇವೆ. ಭಾನುವಾರ ಸಂಜೆ ಮಕ್ಕಳನ್ನು ಕರೆತನ್ನಿ. ಮೊಬೈಲುಗಳನ್ನು ಮಾತ್ರ ಬಾಗಿಲ ಬಳಿಯ ಕಪಾಟಿನಲ್ಲಿ ಇಡಿಸತಕ್ಕದ್ದು, ದೊಡ್ಡವರದೂ ಸೇರಿ.