ಕಾಣದಿದ್ದದ್ದನ್ನೂ ಬರೆದಿಡಿ



ಖಗೋಳ ಹವ್ಯಾಸಿಗಳು ನಾಲ್ಕು ಜನ ಸೇರಿದರೆ ಸಾಕು, ಮಾತು ಒಂಬತ್ತನೇ ಗ್ರಹದತ್ತ ಹೊರಳುತ್ತದೆ. 2016ರ ಜನವರಿಯಲ್ಲಿ ಕ್ಯಾಲ್‌ಟೆಕ್‌ನ ಕಾನ್‌ಸ್ಟಂಟೈನ್ ಬಟೀಗಿನ್ ಮತ್ತು ಮೈಕ್ ಬ್ರೌನ್ ಅದರ ಲೆಕ್ಕ ಮುಂದಿಟ್ಟಂದಿನಿಂದ ಈ ವಾದ ತಣ್ಣಗಾಗಿಲ್ಲ. ನೆಪ್ಚೂನಿನ ಆಚೆ ಬಹುದೂರ ಸುತ್ತುವ, ಸೆಡ್ನಾದಂಥ ಆರು ಪುಟ್ಟ ಕಾಯಗಳ ಕಕ್ಷೆಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಚಾಚಿಕೊಂಡಿವೆ. ಇದು ಆಕಸ್ಮಿಕವಲ್ಲ, ಭೂಮಿಯ ಸುಮಾರು ಹತ್ತು ಪಟ್ಟು ತೂಗುವ ಗ್ರಹವೊಂದರ ಸೆಳೆತವೇ ಕಾರಣ ಎಂದರು ಅವರು. ಅದು ಸೂರ್ಯನನ್ನು ಒಂದು ಸುತ್ತು ಬರಲು ಹತ್ತಿಪ್ಪತ್ತು ಸಾವಿರ ವರ್ಷ ಬೇಕೆಂಬುದು ಅವರ ಅಂದಾಜು.

ಲೆಕ್ಕದಿಂದಲೇ ಗ್ರಹ ಸಿಕ್ಕಿದ್ದುಂಟು. ಫ್ರಾನ್ಸಿನ ಖಗೋಳಜ್ಞ ಲೆವೆರಿಯೇ ಲೆಕ್ಕ ಹಾಕಿ ತೋರಿಸಿಕೊಟ್ಟ ಜಾಗದಿಂದ ಒಂದು ಡಿಗ್ರಿಯೂ ಆಚೀಚೆಯಾಗದಂತೆ 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ನೆಪ್ಚೂನ್ ಸಿಕ್ಕಿತು. ದೂರದರ್ಶಕದಲ್ಲಿ ಕಂಡ ಚುಕ್ಕಿಗಳನ್ನು ಅಲ್ಲಿನ ಖಗೋಳಜ್ಞ ಗಾಲೆ ಒಂದೊಂದಾಗಿ ಹೇಳುತ್ತ ಹೋದರು, ಪಕ್ಕದಲ್ಲಿ ಕೂತ ಡಾರೆಸ್ಟ್ ನಕ್ಷೆಯೊಂದಿಗೆ ತಾಳೆ ನೋಡುತ್ತ ಹೋದರು. ನಕ್ಷೆಯಲ್ಲಿಲ್ಲದ ಚುಕ್ಕಿಯೇ ಗ್ರಹವಾಗಿತ್ತು.

ಹವ್ಯಾಸಿಗಳು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅದೇ ಲೆವೆರಿಯೇಯ ಎರಡನೇ ಲೆಕ್ಕದ ಮುಂದೆ. ಬುಧನ ಕಕ್ಷೆಯ ಸಣ್ಣ ವ್ಯತ್ಯಾಸಕ್ಕೆ ಸೂರ್ಯನ ಸಮೀಪ ಅಡಗಿರುವ ಗ್ರಹವೇ ಕಾರಣವೆಂದು 1859ರಲ್ಲಿ ಅವರು ಸೂಚಿಸಿದರು. ಓರ್ಜೇರ್ ಎಂಬ ಹಳ್ಳಿಯ ವೈದ್ಯ, ಹವ್ಯಾಸಿ ವೀಕ್ಷಕ ಲೆಸ್ಕಾರ್ಬೋ, ಅದೇ ವರ್ಷದ ಮಾರ್ಚ್ 26ರಂದು ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕಿಯೊಂದು ದಾಟಿದ್ದನ್ನು ಕಂಡಿದ್ದಾಗಿ ಅವರಿಗೆ ಬರೆದರು. ಲೆವೆರಿಯೇ ಸ್ವತಃ ಹಳ್ಳಿಗೆ ಹೋಗಿ ಪಾಟೀಸವಾಲು ಮಾಡಿದರು. ವೈದ್ಯರ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿರಲಿಲ್ಲ. ರೇಷ್ಮೆ ದಾರಕ್ಕೆ ದಂತದ ಗುಂಡು ಕಟ್ಟಿ, ಮೊಳೆಗೆ ತೂಗಿಬಿಟ್ಟು, ಅದರ ತೂಗಾಟವನ್ನು ಎಣಿಸಿ ಸೆಕೆಂಡು ಅಳೆದಿದ್ದರು. ಲೆಕ್ಕ ಬರೆದದ್ದು ಮರದ ಹಲಗೆಯ ಮೇಲೆ. ಅಷ್ಟು ಶ್ರದ್ಧೆಯ ಮನುಷ್ಯ. ಗ್ರಹಕ್ಕೆ ವಲ್ಕನ್ ಎಂದು ಹೆಸರಾಯಿತು, ವೈದ್ಯರಿಗೆ ಲೀಜನ್ ಆಫ್ ಆನರ್ ಬಂತು.

ಆದರೆ ವೈದ್ಯರು ಚುಕ್ಕಿ ಕಂಡ ಅದೇ ಹೊತ್ತಿನಲ್ಲಿ ಬ್ರೆಜಿಲ್‌ನಲ್ಲಿ ಇನ್ನೂ ಶಕ್ತಿಯುತ ದೂರದರ್ಶಕದಿಂದ ಸೂರ್ಯನನ್ನು ನೋಡುತ್ತಿದ್ದುದಾಗಿಯೂ ತನಗೆ ಯಾವ ಚುಕ್ಕಿಯೂ ಕಾಣಲಿಲ್ಲವೆಂದೂ ಖಗೋಳಜ್ಞ ಎಮ್ಯಾನುಯೆಲ್ ಲಿಯೇ ತಿಳಿಸಿದರು. ಆ ಮಾತಿಗೆ ಸಿಗಬೇಕಾದ ಬೆಲೆ ಸಿಗಲಿಲ್ಲ. ವಲ್ಕನ್ ಹುಡುಕಾಟ ದಶಕಗಳ ಕಾಲ ನಡೆಯಿತು. ಕೊನೆಗೆ 1915ರಲ್ಲಿ ಐನ್‌ಸ್ಟೈನ್, ಬುಧನ ಕಕ್ಷೆಯಲ್ಲಿ ಶತಮಾನಕ್ಕೆ 43 ಆರ್ಕ್ ಸೆಕೆಂಡಿನ ಆ ವ್ಯತ್ಯಾಸಕ್ಕೆ ಗ್ರಹವೇ ಬೇಕಿಲ್ಲ, ಸಾಪೇಕ್ಷತೆ ಸಾಕೆಂದು ತೋರಿಸಿದರು.

ಒಂಬತ್ತನೇ ಗ್ರಹದ ಇಂದಿನ ಜಗಳದ ತಿರುಳೂ ಕಾಣದಿದ್ದದ್ದಕ್ಕೆ ಕೊಡುವ ಬೆಲೆಯಲ್ಲೇ ಇದೆ. ದೊಡ್ಡ ದೂರದರ್ಶಕಗಳು ಆಕಾಶವನ್ನೆಲ್ಲ ಒಂದೇ ಸಮನಾಗಿ ನೋಡುವುದಿಲ್ಲ. ಮಳೆ ಮೋಡದ ತಿಂಗಳುಗಳಿವೆ. ನಕ್ಷತ್ರಗಳು ಕಿಕ್ಕಿರಿದ ಆಕಾಶಗಂಗೆಯ ಕಡೆ ಮಸುಕಾದ ಕಾಯ ಹುಡುಕುವುದು ಕಷ್ಟ. ನೋಡಿದ ಕಡೆ ಮಾತ್ರ ಸಿಕ್ಕರೆ, ಅವು ಅಲ್ಲಿಯೇ ಗುಂಪಾಗಿವೆ ಎಂದು ಹೇಳಲಾದೀತೆ? 2021ರಲ್ಲಿ ಕೆವಿನ್ ನೇಪಿಯರ್ ಮತ್ತು ಸಂಗಡಿಗರು ಮೂರು ಸಮೀಕ್ಷೆಗಳ 14 ಕಾಯಗಳನ್ನು ಈ ದೃಷ್ಟಿಯಿಂದ ತೂಗಿ ನೋಡಿ, ಕಕ್ಷೆಗಳು ಎಲ್ಲ ದಿಕ್ಕಿಗೂ ಸಮನಾಗಿ ಹರಡಿರಬಹುದು ಎಂದರು. ಬ್ರೌನ್ ಮತ್ತು ಬಟೀಗಿನ್ ಒಪ್ಪಿಲ್ಲ. ವೀಕ್ಷಣೆಯ ಈ ಓರೆಯನ್ನು ಕಳೆದರೂ ಗುಂಪು ಉಳಿಯುತ್ತದೆ ಎನ್ನುತ್ತಾರೆ. ಎರಡೂ ಕಡೆಯವರು ಆಧರಿಸುವುದು ಎಲ್ಲಿ, ಯಾವಾಗ, ಎಷ್ಟು ಮಸುಕಿನವರೆಗೆ ನೋಡಲಾಯಿತು ಎಂಬ ದಾಖಲೆಯನ್ನೇ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ 8.4 ಮೀಟರ್ ಕನ್ನಡಿ ಆಕಾಶವನ್ನು ಸಮನಾಗಿ ನೋಡದ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಲಿದೆ.

ಹಾಗಾದರೆ ಎಂಟಿಂಚಿನ ದೂರದರ್ಶಕದವರಿಗೆ ಏನು ಉಳಿಯಿತು? ಬಹಳ ಉಳಿದಿದೆ. ದೂರದ ಪುಟ್ಟ ಕಾಯವೊಂದು ನಕ್ಷತ್ರಕ್ಕೆ ಅಡ್ಡ ಬಂದಾಗ ಆ ನಕ್ಷತ್ರ ಕ್ಷಣಕಾಲ ಆರುತ್ತದೆ. 2017ರ ಜುಲೈ 17ರಂದು ಅರ್ಜೆಂಟೀನಾದಲ್ಲಿ ಸಾಲಾಗಿ ನಿಲ್ಲಿಸಿದ್ದ 24 ಸಾಗಿಸಬಲ್ಲ ದೂರದರ್ಶಕಗಳಲ್ಲಿ ಐದಕ್ಕೆ ಮಾತ್ರ ಅಂಥದೇ ಕಾಯವಾದ ಅರೊಕೋತ್‌ನ ನೆರಳು ಸಿಕ್ಕಿತು. ನಕ್ಷತ್ರ ಆರಿದ್ದನ್ನು ಕಂಡವರ ಸಮಯದಿಂದ ಅಗಲ ತಿಳಿಯಿತು, ಕಾಣದವರ ದಾಖಲೆಯಿಂದ ಅಂಚು ಎಲ್ಲಿ ಮುಗಿಯಿತೆಂಬುದು ತಿಳಿಯಿತು. ಎರಡು ಉಂಡೆ ಅಂಟಿದಂಥ ಆಕಾರವೆಂಬ ಊಹೆಯನ್ನು 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಹತ್ತಿರದಿಂದ ಖಚಿತಪಡಿಸಿತು.

ಆದ್ದರಿಂದ ಖಗೋಳ ಹವ್ಯಾಸಿಗಳ ಈ ಸಮ್ಮೇಳನದ ಮುಂದೆ ಒಂದು ಸೂಚನೆ ಇದೆ: ಎಲ್ಲ ಹವ್ಯಾಸಿ ಬಳಗಗಳಿಗೂ ಒಂದೇ ನಮೂನೆಯ ವೀಕ್ಷಣಾ ಪುಸ್ತಕ. ತಾರೀಕು, ಸೆಕೆಂಡಿನವರೆಗಿನ ಸಮಯ, ನೋಡಿದ ಭಾಗ, ಅಂದು ಕಂಡ ಅತಿ ಮಸುಕಾದ ನಕ್ಷತ್ರದ ಕಾಂತಿಮಾನ. ಏನೂ ಕಾಣದಿದ್ದರೆ ಅದಕ್ಕೂ ಒಂದು ಕಲಂ. ಕರಡು ಮಧ್ಯಾಹ್ನದ ಗೋಷ್ಠಿಗೆ ಬರಲಿದೆ, ತಿದ್ದುಪಡಿಗಳಿಗೆ ಸ್ವಾಗತ.