ಕಳ್ಳನ ಹೆಸರನ್ನು ಕನ್ನಡದಲ್ಲಿ ಹೇಳಿ



ನಾನು ಭಾಷಣಕಾರನಲ್ಲ. ಪಿಯುಸಿ ಓದಿ ಅಚ್ಚಿನ ಕೆಲಸಕ್ಕೆ ಇಳಿದವನು. ಮದುವೆಯ ಕರೆಯೋಲೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಇವೇ ನನ್ನ ಸಾಹಿತ್ಯ. ಆದರೆ ದಿನವಿಡೀ ಕರಡು ತಿದ್ದುವವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಈ ಪದ ಓದಿದವನಿಗೆ ಏನು ತಿಳಿದೀತು ಎಂದು ಕೇಳಿಕೊಳ್ಳುವ ಚಟ.

ಒಂದು ಬ್ಯಾಂಕಿನವರು ಗ್ರಾಹಕರಿಗೆ ಹಂಚಲು ಎಚ್ಚರಿಕೆಯ ಕರಪತ್ರ ತಂದರು. ಕನ್ನಡದ್ದೇ ಅಂತೆ! ‘ಫಿಶಿಂಗ್, ವಿಶಿಂಗ್, ಸ್ಕಿಮ್ಮಿಂಗ್ ಬಗ್ಗೆ ಜಾಗೃತರಾಗಿರಿ’ ಎಂದಿತ್ತು. ಅಕ್ಷರ ಕನ್ನಡ, ಸರಕು ಯಾರದ್ದು ಸ್ವಾಮಿ? ಪಿಂಚಣಿ ತೆಗೆಯಲು ಬಂದ ಅಜ್ಜಿಗೆ ಫಿಶಿಂಗ್ ಎಂದರೆ ಮೀನು ಹಿಡಿಯುವುದು, ವಿಶಿಂಗ್ ಎಂದರೆ ಶುಭಾಶಯ, ಸ್ಕಿಮ್ಮಿಂಗ್ ಎಂದರೆ ಹಾಲಿನ ಕೆನೆ. ಅದೂ ಯಾರಾದರೂ ಅರ್ಥ ಹೇಳಿಕೊಟ್ಟರೆ! ‘ಗಾಳ ಹಾಕುವುದು’ ಎಂಬ ಮಾತು ನಮ್ಮಲ್ಲಿ ಎಂದಿನಿಂದಲೂ ಇದೆ. ‘ಫೋನಿನಲ್ಲಿ ಗಾಳ ಹಾಕುತ್ತಾರೆ, ಒಟಿಪಿ ಹೇಳಬೇಡಿ’ ಎಂದರೆ ಒಂದೇ ಸಾಲಿನಲ್ಲಿ ಮುಗಿಯಿತು.

ಒಟಿಪಿ ಇಂಗ್ಲಿಷಲ್ಲವೇ ಎನ್ನುತ್ತೀರಿ. ಇರಲಿ ಬಿಡಿ. ಜಾಮೀನು, ಜಪ್ತಿ, ಮಹಜರು ಪಾರಸಿ ಅರಬ್ಬಿಯಿಂದ ಬಂದವು. ಪೊಲೀಸು, ಜೈಲು, ವಾರಂಟು ಇಂಗ್ಲಿಷಿನವು. ಜನರ ಬಾಯಲ್ಲಿ ಸವೆದು ನಮ್ಮವಾದವು. ಮೋಸಕ್ಕೆ 420 ಎಂಬ ಸಂಖ್ಯೆಯನ್ನೇ ಬೈಗುಳ ಮಾಡಿಕೊಂಡವರು ನಾವು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ ಅದು 318 ಆಗಿದೆ, ಬೈಗುಳದಲ್ಲಿ ಮಾತ್ರ ಇನ್ನೂ 420! ನನ್ನ ಜಗಳ ಪರಭಾಷೆಯ ಪದದ ಮೇಲಲ್ಲ. ಕಳ್ಳ ಬಂದ ಎಂದು ಕೂಗುವಾಗಲೂ ಮನೆಯವರಿಗೆ ತಿಳಿಯದ ಭಾಷೆಯಲ್ಲಿ ಕೂಗುವವರ ಮೇಲೆ.

‘ಡಿಜಿಟಲ್ ಅರೆಸ್ಟ್’ ನೋಡಿ. ವಿಡಿಯೋ ಕರೆ ಬರುತ್ತದೆ. ಎದುರಿಗೆ ಖಾಕಿ ತೊಟ್ಟವನು, ಹಿಂದೆ ಗೋಡೆಯ ಮೇಲೆ ಸರ್ಕಾರಿ ಲಾಂಛನ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಮನಿ ಲಾಂಡರಿಂಗ್ ಕೇಸಿದೆ, ಯು ಆರ್ ಅಂಡರ್ ಅರೆಸ್ಟ್, ಕ್ಯಾಮೆರಾ ಬಿಟ್ಟು ಕದಲಬೇಡಿ! ಇಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಇದನ್ನು ಹೇಳಬೇಕಾಯಿತು. ಅದನ್ನೇ ಕನ್ನಡ ಮಾಡಿ: ‘ಅಮ್ಮಾ, ನಿಮ್ಮನ್ನು ಫೋನಿನೊಳಗೆ ಹಿಡಿದು ಹಾಕಿದ್ದೇವೆ.’ ನಮ್ಮ ಹಳ್ಳಿಯ ಹೆಂಗಸು ನಕ್ಕು ಫೋನ್ ಇಡುತ್ತಾಳೆ. ಆದರೆ ಇಂಗ್ಲಿಷ್ ಬಲ್ಲ ಎಂಜಿನಿಯರುಗಳು, ನಿವೃತ್ತ ಅಧಿಕಾರಿಗಳೇ ಬೆಂಗಳೂರಿನಲ್ಲಿ ಲಕ್ಷ ಲಕ್ಷ, ಕೋಟಿ ಕೋಟಿ ಕಳೆದುಕೊಂಡರಲ್ಲ, ಅದು ಯಾಕೆ? ಇಂಗ್ಲಿಷಿನಲ್ಲಿ ಗದರಿಸುವವನೇ ಸರ್ಕಾರ ಎಂದು ನೂರೈವತ್ತು ವರ್ಷ ನಮ್ಮ ತಲೆಗೆ ತುಂಬಿದ್ದಾರೆ. ಕಳ್ಳ ಬಳಸಿಕೊಳ್ಳುವುದು ಆ ಹೆದರಿಕೆಯನ್ನೇ.

ನಿಜವಾದ ಬಂಧನದಲ್ಲೂ ಭಾಷೆಯ ಮಾತಿದೆ. ಮಹಾರಾಷ್ಟ್ರದಲ್ಲಿ ಹರಿಕಿಶನ್ ಎಂಬಾತನನ್ನು ಮುನ್ನೆಚ್ಚರಿಕೆಯ ಬಂಧನದಲ್ಲಿಟ್ಟು ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರು. ಆತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಧಿಕಾರಿ ಬಾಯಲ್ಲಿ ಅನುವಾದಿಸಿ ಹೇಳಿದ್ದು ಸಾಲದು ಎಂದು 1962ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2025ರ ನವೆಂಬರಿನಲ್ಲಿ ಅದೇ ನ್ಯಾಯಾಲಯ, ಯಾವ ಅಪರಾಧವೇ ಇರಲಿ, ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದಿದೆ. ಕನ್ನಡಿಗನನ್ನು ಹಿಡಿದರೆ ಕನ್ನಡದ ಕಾಗದ ಕೊಡಿ ಎನ್ನುವುದು ಈಗ ಬೇಡಿಕೆಯಲ್ಲ, ಹಕ್ಕು.

ನಮ್ಮ ಕಡೆಯ ಹುಳುಕನ್ನೂ ಹೇಳಿಬಿಡುತ್ತೇನೆ. ಎಫ್‌ಐಆರ್‌ಗೆ ನಮ್ಮ ಕಚೇರಿಗಳ ಕನ್ನಡ ‘ಪ್ರಥಮ ವರ್ತಮಾನ ವರದಿ’. ದೂರು ಕೊಡಲು ಬಂದವನಿಗೆ ಇದೂ ಇಂಗ್ಲಿಷಿನಷ್ಟೇ ದೂರ. ‘ಮೊದಲ ದೂರು’ ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಹೆಸರು ಏನೇ ಇರಲಿ, ಠಾಣೆಗೆ ಹೋದಾಗ ಇಷ್ಟು ಕೇಳಿ. ನೀವು ಬಾಯಲ್ಲಿ ಹೇಳಿದ್ದನ್ನು ಅವರು ಬರೆದುಕೊಳ್ಳಬೇಕು, ನಿಮಗೆ ಓದಿ ಹೇಳಬೇಕು, ಆಮೇಲೆ ನಿಮ್ಮ ರುಜು. ನಕಲು ಪುಕ್ಕಟೆ. ಫೋನಿನ ಮೋಸದಲ್ಲಿ ಹಣ ಹೋದರೆ ನಾಚಿಕೊಂಡು ಬೆಳಗಿನವರೆಗೆ ಕೂರಬೇಡಿ, ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಿ.